ರೋಗಿಗಳ ರಕ್ತ ತೋರಿಸಿಕೊಟ್ಟ ಪ್ರೋಟೀನುಗಳು

ಲೂಪಸ್ ಇರಬಹುದೆಂಬ ಶಂಕೆಯಿಂದ ರಕ್ತ ಕೊಟ್ಟವರ ಲ್ಯಾಬ್ ರಿಪೋರ್ಟಿನಲ್ಲಿ ಎಸ್‌ಎಂ, ರೋ, ಲಾ ಎಂಬ ಪ್ರತಿಕಾಯಗಳ ಸಾಲುಗಳಿರುತ್ತವೆ. ಮೂರೂ ರೋಗಿಗಳ ಹೆಸರಿನಿಂದ ಬಂದವು. ಯಾರ ರಕ್ತದಲ್ಲಿ ಆ ಪ್ರತಿಕಾಯ ಮೊದಲು ಕಂಡಿತೋ ಅವರ ಹೆಸರಿನ ಮೊದಲಕ್ಷರಗಳನ್ನೇ ವಿಜ್ಞಾನಿಗಳು ಉಳಿಸಿಕೊಂಡರು. ಅದು ನ್ಯಾಯವೂ ಹೌದು. ಈ ಪ್ರತಿಕಾಯಗಳ ಸಂಶೋಧನೆಗೆ ದಾರಿ ತೋರಿಸಿದ್ದು ರೋಗಿಗಳ ರಕ್ತವೇ.

ರೋಗಾಣುವಿನ ವಿರುದ್ಧ ಹೋರಾಡಬೇಕಾದ ಪ್ರತಿಕಾಯಗಳು ಸ್ವಂತ ಜೀವಕೋಶದ ಪ್ರೋಟೀನುಗಳ ಮೇಲೆ ತಿರುಗಿಬೀಳುವುದೇ ಆಟೋಇಮ್ಯೂನ್ ಕಾಯಿಲೆ. ಲೂಪಸ್ ಅಂಥದ್ದೊಂದು. 1948ರಲ್ಲಿ ಅಮೆರಿಕದ ಮೇಯೊ ಕ್ಲಿನಿಕ್‌ನ ಹಾರ್ಗ್ರೇವ್ಸ್ ತಂಡ ಲೂಪಸ್ ರೋಗಿಗಳಲ್ಲಿ ಎಲ್‌ಇ ಕೋಶ ಎಂಬ ವಿಶಿಷ್ಟ ಕೋಶವನ್ನು ಗುರುತಿಸಿತು. 1966ರಲ್ಲಿ ಎಂಗ್ ಟ್ಯಾನ್ ಮತ್ತು ಹೆನ್ರಿ ಕುಂಕೆಲ್ ಎಸ್‌ಎಂ ಪ್ರತಿಜನಕವನ್ನು, ಅಂದರೆ ಪ್ರತಿಕಾಯ ಹಿಡಿಯುವ ಗುರಿಯನ್ನು, ವರದಿ ಮಾಡಿದರು. 1969ರಲ್ಲಿ ರೋ, 1974ರಲ್ಲಿ ಲಾ ಬಂದವು. ಕಣ್ಣು, ಬಾಯಿ ಒಣಗುವ ಶೋಗ್ರೆನ್ ಕಾಯಿಲೆಯಲ್ಲಿ ಬೇರೊಂದು ತಂಡ ಎಸ್‌ಎಸ್‌ಎ, ಎಸ್‌ಎಸ್‌ಬಿ ಎಂದು ಕರೆದಿದ್ದವೂ ಇವೇ ರೋ ಮತ್ತು ಲಾ ಎಂಬುದು 1979ರಲ್ಲಿ ಖಚಿತವಾಯಿತು.

ಆಗಿನ ಪರೀಕ್ಷೆಗೆ ತಾಳ್ಮೆ ಬೇಕಿತ್ತು. ಗಾಜಿನ ಮೇಲೆ ಅಗಾರ್ ಹುಯ್ದು, ಅದು ಗಟ್ಟಿಯಾದ ಮೇಲೆ ಸಣ್ಣ ಕುಳಿಗಳನ್ನು ಕೊರೆಯುತ್ತಿದ್ದರು. ಒಂದು ಕುಳಿಗೆ ರೋಗಿಯ ಸೀರಮ್, ಪಕ್ಕದ ಕುಳಿಗೆ ಕರುವಿನ ಥೈಮಸ್ ಗ್ರಂಥಿಯ ಇಲ್ಲವೇ ಮನುಷ್ಯರ ಗುಲ್ಮದ ಸಾರ. ಎರಡೂ ನಿಧಾನವಾಗಿ ಇಂಗುತ್ತಾ ಬಂದು, ಪ್ರತಿಕಾಯ ಮತ್ತು ಪ್ರತಿಜನಕ ಸಂಧಿಸಿದ ಕಡೆ ಒಂದೆರಡು ದಿನಗಳಲ್ಲಿ ತೆಳುವಾದ ಬಿಳಿ ಗೆರೆ ಮೂಡುತ್ತಿತ್ತು. ಆ ಸಾರದಲ್ಲಿ ನೂರಾರು ಪ್ರೋಟೀನುಗಳು. ಗೆರೆ ಯಾವುದರದ್ದು ಎಂದು ತಿಳಿಯಲು, ಪ್ರತಿಕಾಯ ಯಾವುದೆಂದು ಗೊತ್ತಿರುವ ಇನ್ನೊಬ್ಬ ರೋಗಿಯ ಸೀರಮ್ ಪಕ್ಕದಲ್ಲಿಟ್ಟು ಹೋಲಿಸಬೇಕಿತ್ತು.

ಯೇಲ್ ವಿಶ್ವವಿದ್ಯಾಲಯದ ಜೋನ್ ಸ್ಟೈಟ್ಸ್ ಮತ್ತು ಮೈಕೆಲ್ ಲರ್ನರ್ 1979ರಲ್ಲಿ ಮಾಡಿದ ಕೆಲಸ ಇಡೀ ಚಿತ್ರವನ್ನೇ ಬದಲಿಸಿತು. ಲೂಪಸ್ ರೋಗಿಗಳ ಪ್ರತಿಕಾಯದಿಂದ ಕೋಶದೊಳಗಿನ ಕಣಗಳನ್ನು ಹಿಡಿದು ತೆಗೆದರೆ ಪ್ರೋಟೀನಿನ ಜೊತೆಗೆ ಸಣ್ಣ ಆರ್‌ಎನ್‌ಎಗಳೂ ಬಂದವು. ಜೀನ್‌ನಿಂದ ನಕಲಾದ ಆರ್‌ಎನ್‌ಎಯಲ್ಲಿ ಬೇಡದ ತುಂಡು ಕತ್ತರಿಸಿ ಉಳಿದದ್ದನ್ನು ಜೋಡಿಸುವ ಯಂತ್ರದ ಭಾಗಗಳಿವು ಎಂಬುದು ಮುಂದೆ ಸಾಬೀತಾಯಿತು. ಜೀವಕೋಶದ ಅಷ್ಟು ಮೂಲಭೂತ ಕೆಲಸವನ್ನು ಬಯಲಿಗೆ ತಂದದ್ದು ಕಾಯಿಲೆಯವರ ಸೀರಮ್ ಎಂಬುದನ್ನು ಪಠ್ಯಪುಸ್ತಕಗಳು ಇನ್ನಷ್ಟು ಒತ್ತಿ ಹೇಳಬೇಕು.

1985ರಲ್ಲಿ ಲಾ, 1988ರಲ್ಲಿ 60 ಕಿಲೋಡಾಲ್ಟನ್ ತೂಕದ ರೋ ಜೀನ್‌ಗಳ ಕ್ಲೋನಿಂಗ್ ವರದಿಗಳು ಬಂದವು. ಮನುಷ್ಯರ ಜೀನನ್ನು ಬ್ಯಾಕ್ಟೀರಿಯಾಕ್ಕೆ ಸೇರಿಸಿ ಪ್ರೋಟೀನು ಬೆಳೆಸುವುದು ಸಾಧ್ಯವಾಯಿತು. ಬಯೋಕಾನ್ 2004ರಲ್ಲಿ ಬೆಂಗಳೂರಿನಿಂದ ಮಾರುಕಟ್ಟೆಗೆ ತಂದ ಇನ್ಸುಲಿನ್ ಕೂಡ ಯೀಸ್ಟ್‌ನಲ್ಲಿ ಬೆಳೆಸಿದ ಇಂಥದೇ ರಿಕಾಂಬಿನೆಂಟ್ ಪ್ರೋಟೀನು. ಆದರೆ ರೋ ಸುಲಭದ್ದಲ್ಲ. ಅದು ಬಳೆಯಾಕಾರದ ಪ್ರೋಟೀನು, ಅನೇಕ ರೋಗಿಗಳ ಪ್ರತಿಕಾಯ ಅದರ ಸರಿಯಾದ ಮಡಿಕೆಯನ್ನೇ ಗುರುತಿಸುತ್ತದೆ. ಆಕಾರ ಕೆಟ್ಟರೆ ಪರೀಕ್ಷೆಯಲ್ಲಿ ಪ್ರತಿಕಾಯ ಸಿಗದೇ ಹೋಗಬಹುದು. ಅದಕ್ಕೇ ಕೀಟದ ಕೋಶಗಳಲ್ಲಿ ತಯಾರಿಸುವ ವಿಧಾನ ಬಳಕೆಗೆ ಬಂತು. ರಿಪೋರ್ಟಿನಲ್ಲಿ ಪಕ್ಕದಲ್ಲೇ ಕಾಣುವ ರೋ-52 ಬೇರೆಯದೇ ಜೀನಿನದು, ಅದನ್ನು ರೋ-60 ಜೊತೆ ಬೆರೆಸಿ ಓದಬಾರದು.

ನಮ್ಮಲ್ಲೇ ನಡೆದ ಕೆಲಸ ಲಾ ಪ್ರೋಟೀನಿನದು. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸೌಮಿತ್ರ ದಾಸ್ ಅವರ ತಂಡ, ಹೆಪಟೈಟಿಸ್ ಸಿ ವೈರಸ್ಸು ತನ್ನ ಪ್ರೋಟೀನು ತಯಾರಿಸಲು ಮನುಷ್ಯರ ಲಾ ಪ್ರೋಟೀನಿನ ನೆರವು ಹೇಗೆ ಪಡೆಯುತ್ತದೆಂದು ಹುಡುಕಿತು. ವೈರಸ್ಸಿನ ಆರ್‌ಎನ್‌ಎಯಲ್ಲಿ ಓದು ಶುರುವಾಗುವ ಜಾಗದ ಹತ್ತಿರವೇ ಲಾ ಕೂರುತ್ತದೆ ಎಂದು 2004ರಲ್ಲಿ ತೋರಿಸಿದರು. ಮರುವರ್ಷ ಅದೇ ಲಾ ಪ್ರೋಟೀನಿನಿಂದ 24 ಅಮೈನೋ ಆಮ್ಲಗಳ ತುಂಡೊಂದನ್ನು ತೆಗೆದುಕೊಂಡು, ಅದು ಆರ್‌ಎನ್‌ಎಗೆ ಅಂಟಿ, ಪ್ರೋಟೀನು ತಯಾರಿಸುವ ರೈಬೋಸೋಮ್ ಸೇರದಂತೆ ತಡೆಯುವುದನ್ನು ಸಾಧಿಸಿದರು. ಅದು ಔಷಧಿ ಅಂಗಡಿಗೆ ಬರಲಿಲ್ಲ. ಆದರೂ ಲೂಪಸ್ ರೋಗಿಯೊಬ್ಬರಿಂದ ಹೆಸರು ಪಡೆದ ಪ್ರೋಟೀನು ಯಕೃತ್ತಿನ ವೈರಸ್ಸನ್ನು ಅರಿಯುವ ಕೀಲಿಯಾದದ್ದರಲ್ಲಿ ಬೆಂಗಳೂರಿನ ಪಾಲೂ ಇದೆ ಎಂಬುದು ಹೆಮ್ಮೆಯ ಸಂಗತಿ.

ಆಸ್ಪತ್ರೆಯ ಕಡೆ ಬಂದರೆ, 2003ರ ಅಧ್ಯಯನವೊಂದು ಅಮೆರಿಕದ ಸೈನಿಕರ ಶೇಖರಿಸಿಟ್ಟ ಸೀರಮ್ ಪರಿಶೀಲಿಸಿ, 130 ಲೂಪಸ್ ರೋಗಿಗಳಲ್ಲಿ ಶೇ. 88 ಮಂದಿಗೆ ಕಾಯಿಲೆ ಪತ್ತೆಯಾಗುವ ಮೊದಲೇ ಪ್ರತಿಕಾಯಗಳಿದ್ದವೆಂದು ತೋರಿಸಿತು. ರೋ ಪ್ರತಿಕಾಯದ ಒಂದು ಅಪಾಯ ಗರ್ಭಿಣಿಯರಿಗೆ ಸಂಬಂಧಿಸಿದ್ದು. ಅದು ಮಾಸು ದಾಟಿ ಶಿಶುವಿನ ಹೃದಯದ ವಿದ್ಯುತ್ ದಾರಿಯನ್ನು ಕೆಡಿಸಬಲ್ಲದು. ಇದು ಆಗುವುದು ರೋ ಪ್ರತಿಕಾಯ ಇರುವವರ ನೂರು ಗರ್ಭಗಳಲ್ಲಿ ಒಂದೆರಡರಲ್ಲಿ, ಆದರೆ ಒಮ್ಮೆ ಆದವರಿಗೆ ಮತ್ತೆ ಆಗುವ ಸಂಭವ ಹೆಚ್ಚು. ಹೈಡ್ರಾಕ್ಸಿಕ್ಲೋರೋಕ್ವಿನ್ ಮಾತ್ರೆ ಆ ಸಂಭವವನ್ನು ಅರ್ಧಕ್ಕಿಂತ ಕೆಳಗಿಳಿಸುತ್ತದೆಂದು 2020ರಲ್ಲಿ ಪ್ರಕಟವಾದ ಅಧ್ಯಯನ ಹೇಳಿತು.

ಇಷ್ಟೆಲ್ಲ ತಿಳಿವಳಿಕೆ ಹೊಸಕೋಟೆ ತಾಲ್ಲೂಕಿನ ನಂದಗುಡಿಯಂಥ ಹೋಬಳಿಗೆ ತಲುಪಬೇಕು. ರಾಗಿ ಹೊಲದಲ್ಲಿ, ಹಿಪ್ಪುನೇರಳೆ ತೋಟದಲ್ಲಿ ದಿನವಿಡೀ ದುಡಿಯುವವಳಿಗೆ ಮುಖದ ಮೇಲಿನ ಕೆಂಪು ಗಂದೆ ಬಿಸಿಲಿನದೆಂದೂ ಕೀಲುನೋವು ಕೆಲಸದ್ದೆಂದೂ ಅನಿಸುವುದು ಸಹಜ. ವಾರಗಟ್ಟಲೆ ಹಾಗೇ ಉಳಿದರೆ, ಇಂಥ ಪ್ರತಿಕಾಯಗಳನ್ನು ಹುಡುಕುವ ಎಎನ್‌ಎ ಪರೀಕ್ಷೆ ಬೇಕೇ ಎಂದು ವೈದ್ಯರನ್ನು ಕೇಳಿ. ರೋ ಪಾಸಿಟಿವ್ ಎಂದು ಬಂದಿದ್ದರೆ ಗರ್ಭ ಧರಿಸುವ ಮೊದಲೇ ತಿಳಿಸಿ. 16ನೇ ವಾರದಿಂದ 26ನೇ ವಾರದವರೆಗೆ ಮಗುವಿನ ಹೃದಯದ ಎಕೋ ಮಾಡಿಸುವ ಬಗ್ಗೆ ಮಾತಾಡಿ. ರೋ ರಿಪೋರ್ಟನ್ನು ತಾಯಿ ಕಾರ್ಡಿನ ಜೊತೆಯಲ್ಲೇ ಇಟ್ಟುಕೊಳ್ಳಿ, ಆಶಾ ಕಾರ್ಯಕರ್ತೆಗೂ ತೋರಿಸಿ.