ಲೈಫ್ ವಿದೌಟ್ ಸೋಲ್

'ಲೈಫ್ ವಿದೌಟ್ ಸೋಲ್' (ಆತ್ಮವಿಲ್ಲದ ಜೀವ) 1915ರಲ್ಲಿ ತೆರೆಕಂಡ ಅಮೆರಿಕದ ಮೂಕಿ ಭಯಾನಕ ಚಿತ್ರ. ಮೇರಿ ಶೆಲ್ಲಿಯವರ 'ಫ್ರಾಂಕೆನ್‌ಸ್ಟೈನ್' (1818) ಕಾದಂಬರಿಯನ್ನು ಆಧರಿಸಿದ ಮೊದಲ ಪೂರ್ಣಪ್ರಮಾಣದ ಚಿತ್ರವಿದು. ನಿರ್ಮಾಣ ಓಷನ್ ಫಿಲ್ಮ್ ಕಾರ್ಪೊರೇಷನ್, ನಿರ್ದೇಶನ ಜೋಸೆಫ್ ಡಬ್ಲ್ಯು. ಸ್ಮೈಲಿ. ಐದು ರೀಲುಗಳ ಈ ಚಿತ್ರದ ಯಾವ ಪ್ರತಿಯೂ ಉಳಿದಿರುವುದು ತಿಳಿದಿಲ್ಲ.

ವೈದ್ಯನೊಬ್ಬನು ಸೃಷ್ಟಿಸಿದ ಕೃತಕ ಮಾನವನು ಅವನ ಆಪ್ತರನ್ನೇ ಕೊಲ್ಲುತ್ತಾನೆ. ಕೊನೆಯಲ್ಲಿ, ಇದೆಲ್ಲವೂ ಶೆಲ್ಲಿಯವರ ಕಾದಂಬರಿ ಓದುತ್ತ ನಿದ್ರಿಸಿದವನ ಕನಸೆಂದು ತಿಳಿಯುತ್ತದೆ. ಮೂಲಕೃತಿಯಲ್ಲಿ ಓದುಗನಿಗೆ ಇಂತಹ ಸಮಾಧಾನವಿಲ್ಲ. ಕಥೆಯ ತೀಕ್ಷ್ಣತೆಯನ್ನು ಇದು ತಗ್ಗಿಸಿತೆನ್ನಬೇಕು. ಕೃತಕ ಮಾನವನಾಗಿ ಪರ್ಸಿ ಡ್ಯಾರೆಲ್ ಸ್ಟ್ಯಾಂಡಿಂಗ್ ವಿಕಾರ ಪ್ರಸಾಧನವನ್ನು ಹೆಚ್ಚು ಅವಲಂಬಿಸದೆ ಅಭಿನಯಿಸಿದರು. 1916ರ ಮರುಬಿಡುಗಡೆಯಲ್ಲಿ ಮೀನುಗಳ ಸಂತಾನೋತ್ಪತ್ತಿಯ ವೈಜ್ಞಾನಿಕ ದೃಶ್ಯಗಳನ್ನೂ ಸೇರಿಸಲಾಯಿತು!

ಅಂದಿನ ನೈಟ್ರೇಟ್ ಫಿಲ್ಮ್ ಸುಲಭವಾಗಿ ಹೊತ್ತಿ ಉರಿಯುತ್ತಿತ್ತು, ಕಾಲಕ್ರಮದಲ್ಲಿ ತಾನಾಗಿಯೇ ಶಿಥಿಲವಾಗುತ್ತಿತ್ತು. ಪ್ರದರ್ಶನ ಮುಗಿದ ಪ್ರತಿಗಳನ್ನು ಕಾಪಿಡುವ ಪರಿಪಾಠವೂ ವಿರಳ. ಕನ್ನಡದ ಮೊದಲ ವಾಕ್ಚಿತ್ರ 'ಸತಿ ಸುಲೋಚನಾ' (1934) ಸಹ ಇಂದು ನೋಡಸಿಗದು. ಆದರೆ ಎಡಿಸನ್ ಕಂಪನಿಯ 'ಫ್ರಾಂಕೆನ್‌ಸ್ಟೈನ್' (1910) ಕೂಡ ನಷ್ಟವಾಯಿತೆಂದೇ ದೀರ್ಘಕಾಲ ನಂಬಲಾಗಿತ್ತು. ಅದರ ಪ್ರತಿಯೊಂದು ಖಾಸಗಿ ಸಂಗ್ರಹದಲ್ಲಿ ದೊರೆಯಿತು. 'ಲೈಫ್ ವಿದೌಟ್ ಸೋಲ್' ಕುರಿತು ಸದ್ಯ ಲಭ್ಯವಿರುವುದು ಸಮಕಾಲೀನ ಪತ್ರಿಕಾ ವಿಮರ್ಶೆಗಳು ಹಾಗೂ ಕೆಲವು ಸ್ಥಿರಚಿತ್ರಗಳು.