ಮೊದಲು ಹಾಸು, ಆಮೇಲೆ ಹೊದಿಕೆ: ಟೆಂಟ್ ಹಾಸಿಗೆಯ ಇತಿಹಾಸ

ಭಾಗ 1/7: ಕೇಳದೇ ಉಳಿದ ಪ್ರಶ್ನೆ

ಫ್ರೆಂಡ್ಸ್, ರಜೆ ಶುರುವಾಯ್ತು ಅಂದ್ರೆ ಒಂದು ಪ್ರಶ್ನೆ ಪಕ್ಕಾ. "ಮನೆಯವರ ಜೊತೆ ಟೆಂಟ್ ಹಾಕೋಕೆ ಹೋಗ್ತಿದೀವಿ, ಯಾವ ಸ್ಲೀಪಿಂಗ್ ಬ್ಯಾಗ್ ತಗೊಳ್ಳೋಣ?" ಅಂತ. ಎಲ್ರೂ ಕೇಳೋದು ಮೇಲೆ ಏನು ಹೊದಿಯೋದು ಅಂತಾನೇ. ಕೆಳಗೆ ಏನು ಹಾಸೋದು ಅಂತ ಕೇಳೋರು ಕಮ್ಮಿ.

ನಮ್ಮ ಭಾಷೆ ಮಾತ್ರ ಈ ವಿಷಯದಲ್ಲಿ ಜಾಣ. ಏನಾದ್ರೂ ಬೇಕಾದಷ್ಟಿದ್ರೆ "ಹಾಸಿ ಹೊದೆಯುವಷ್ಟಿದೆ" ಅಂತೀವಿ. ಮೊದಲು ಹಾಸೋದು, ಆಮೇಲೆ ಹೊದೆಯೋದು. ಟೆಂಟಿನೊಳಗೂ ಇದೇ ಕ್ರಮ ಸರಿ.

ಕಾರಣ ಸುಲಭ. ಬಟ್ಟೆಯಾಗಲಿ, ಉಣ್ಣೆಯಾಗಲಿ, ಗರಿಯಾಗಲಿ, ನಮ್ಮನ್ನ ಬೆಚ್ಚಗಿಡೋದು ಅದರೊಳಗೆ ಸಿಕ್ಕಿಹಾಕ್ಕೊಂಡ ಗಾಳಿ. ನಾವು ಮಲಗಿದ ತಕ್ಷಣ ಮೈಯಡಿ ಇರೋ ಭಾಗ ಅಪ್ಪಚ್ಚಿ ಆಗುತ್ತೆ, ಗಾಳಿ ಹೊರಗೆ ಹೋಗುತ್ತೆ. ಆಮೇಲೆ ತಣ್ಣನೆಯ ನೆಲ ರಾತ್ರಿಯಿಡೀ ಮೈಯ ಶಾಖ ಹೀರ್ತಾ ಇರುತ್ತೆ. ಮೇಲೆ ಎಷ್ಟು ದುಬಾರಿ ಹೊದಿಕೆ ಇದ್ರೂ ಬೆನ್ನು ಕೊರೆಯೋದು ಇದಕ್ಕೇ.

ಭಾಗ 2/7: ಚೀಲ ಹುಟ್ಟಿದ್ದು

1861. ಫ್ರಾನ್ಸಿಸ್ ಫಾಕ್ಸ್ ಟಕೆಟ್ ಅನ್ನೋ ಇಂಗ್ಲಿಷ್ ಪರ್ವತಾರೋಹಿ ಆಲ್ಪ್ಸ್‌ನಲ್ಲಿ ಒಂದು ಮಲಗೋ ಚೀಲ ಪರೀಕ್ಷೆ ಮಾಡ್ತಾನೆ. ಕಂಬಳಿ ಬಟ್ಟೆಯ ಚೀಲ. ಆ ದಶಕದಲ್ಲೇ ಸುಧಾರಿಸಿದ ಚೀಲಕ್ಕೆ ಅಡಿಭಾಗದಲ್ಲಿ ರಬ್ಬರ್ ಲೇಪ ಬಂತು. ನೆಲದ ತೇವ ಒಳಗೆ ಬರಬಾರದು ಅಂತ. ಆದ್ರೆ ರಬ್ಬರ್ ನೀರನ್ನ ತಡೆಯುತ್ತೆ, ಚಳಿಯನ್ನ ಅಷ್ಟಾಗಿ ತಡೆಯಲ್ಲ.

1876. ವೇಲ್ಸ್‌ನ ನ್ಯೂಟೌನ್ ಊರಿನ ಪ್ರೈಸ್ ಪ್ರೈಸ್-ಜೋನ್ಸ್. ಅಂಚೆ ಮೂಲಕ ಬಟ್ಟೆ ಮಾರಿ ದೊಡ್ಡವನಾದ ವ್ಯಾಪಾರಿ. ಇವನು "ಯೂಕ್ಲಿಸಿಯಾ ರಗ್" ಅನ್ನೋದಕ್ಕೆ ಪೇಟೆಂಟ್ ತಗೊಂಡ. ಉಣ್ಣೆಯ ಕಂಬಳಿ, ಅದಕ್ಕೇ ಹೊಲಿದ ಗಾಳಿ ತುಂಬೋ ರಬ್ಬರ್ ದಿಂಬು, ಮಡಚಿ ಕಟ್ಟಿಕೊಂಡ್ರೆ ಚೀಲ. ರಷ್ಯಾ ಸೈನ್ಯದಿಂದ 60,000 ರಗ್‌ಗೆ ಆರ್ಡರ್ ಬಂತು. 1877ರಲ್ಲಿ ಟರ್ಕಿ ಜೊತೆಗಿನ ಯುದ್ಧದಲ್ಲಿ ಪ್ಲೆವ್ನಾ ಕೋಟೆ ಬಿದ್ದ ಮೇಲೆ ಉಳಿದ ಆರ್ಡರ್ ರದ್ದಾಯ್ತು. ಪಾಪ, 17,000 ರಗ್ ಇವನ ಕೈಯಲ್ಲೇ ಉಳಿದ್ವು. ಅವನ್ನ ಮಾರೋಕೆ ಬೇರೆ ಗಿರಾಕಿಗಳನ್ನ ಹುಡುಕಬೇಕಾಯ್ತು.

ಭಾಗ 3/7: ಒಂದೇ ಚೀಲದಲ್ಲಿ ಮೂವರು

1878ರಲ್ಲಿ ಲೇಖಕ ರಾಬರ್ಟ್ ಲೂಯಿ ಸ್ಟೀವನ್‌ಸನ್ ಫ್ರಾನ್ಸಿನ ಸೆವೆನ್ ಬೆಟ್ಟಗಳಲ್ಲಿ ನಡೆದು ಹೋದ. ತನಗಾಗಿ ಮಾಡಿಸ್ಕೊಂಡಿದ್ದ ಚೀಲಕ್ಕೆ ಹೊರಗೆ ನೀರು ಇಳಿಯದ ಗಾಡಿ ಬಟ್ಟೆ, ಒಳಗೆ ಕುರಿಯ ತುಪ್ಪಳ. ಬೆಚ್ಚಗೇನೋ ಇತ್ತು, ಹೊರೋಕೆ ಮಾತ್ರ ಒಂದು ಕತ್ತೆ ಬೇಕಾಯ್ತು! ಮೊಡೆಸ್ಟೀನ್ ಅಂತ ಅದರ ಹೆಸರು.

ಹತ್ತು ವರ್ಷ ಆದ್ಮೇಲೆ, 1888. ನಾರ್ವೆಯ ಫ್ರಿಟ್ಯೋಫ್ ನಾನ್ಸೆನ್ ಗ್ರೀನ್‌ಲ್ಯಾಂಡಿನ ಹಿಮದ ಮೇಲೆ ಸ್ಕೀ ಹಾಕ್ಕೊಂಡು ದಾಟಿದ. ತಂಡದಲ್ಲಿ ಆರು ಜನ, ಚೀಲ ಎರಡೇ. ಒಂದೊಂದರಲ್ಲಿ ಮೂರು ಮೂರು ಜನ! ಹಿಮಸಾರಂಗದ ಚರ್ಮದ ಚೀಲ ಅದು. ಆ ಪ್ರಾಣಿಯ ಕೂದಲು ಒಳಗೆ ಟೊಳ್ಳು, ಜೊತೆಗೆ ಬಿರುಸು. ಮೈಭಾರಕ್ಕೆ ಪೂರ್ತಿ ಚಪ್ಪಟೆ ಆಗಲ್ಲ, ಹಾಗಾಗಿ ಕೆಳಗಡೆಯೂ ಗಾಳಿ ಉಳಿಯುತ್ತೆ. ಪಕ್ಕದವರ ಮೈಶಾಖ ಬೇರೆ ಫ್ರೀ. ಫ್ಯಾಮಿಲಿ ಟೆಂಟಿಗೆ ಬೇಕಾದ ಪಾಠ ಇಲ್ಲೇ ಇದೆ: ಚಿಕ್ಕ ಮಕ್ಕಳನ್ನ ಅಂಚಿಗೆ ಮಲಗಿಸಬೇಡಿ, ದೊಡ್ಡವರ ಮಧ್ಯೆ ಮಲಗಿಸಿ.

ಭಾಗ 4/7: ಉಸಿರೇ ಮಂಜುಗಡ್ಡೆ

1911ರ ಜೂನ್ ಕೊನೆ. ಅಂಟಾರ್ಕ್ಟಿಕಾದಲ್ಲಿ ಅದು ನಡುಚಳಿಗಾಲ, ಸೂರ್ಯನೇ ಹುಟ್ಟಲ್ಲ. ಕ್ಯಾಪ್ಟನ್ ಸ್ಕಾಟ್ ತಂಡದ ವಿಲ್ಸನ್, ಬೋವರ್ಸ್, ಚೆರ್ರಿ-ಗ್ಯಾರಾರ್ಡ್ ಅನ್ನೋ ಮೂವರು ಎಂಪರರ್ ಪೆಂಗ್ವಿನ್ ಮೊಟ್ಟೆ ತರೋಕೆ ಹೊರಟ್ರು. ಒಂದು ಹಂತದಲ್ಲಿ ಚಳಿ ಮೈನಸ್ 60 ಡಿಗ್ರಿ ಸೆಲ್ಸಿಯಸ್ ಮುಟ್ತು. ಅವರ ಬೆವರು, ಉಸಿರಿನ ಆವಿ ಎಲ್ಲಾ ಚೀಲದೊಳಗೇ ಹೆಪ್ಪುಗಟ್ಟಿತು. ವಾಪಸ್ ಬರೋ ಹೊತ್ತಿಗೆ ಚೀಲಗಳ ತೂಕ ಎರಡು ಪಟ್ಟಿಗಿಂತ ಹೆಚ್ಚಾಗಿತ್ತು. ಹಲಗೆಯಂತೆ ಬಿರುಸಾದ ಚೀಲದೊಳಗೆ ತೂರೋದೇ ಪ್ರತಿ ರಾತ್ರಿಯ ಯುದ್ಧ. ಐದು ವಾರ ಕಷ್ಟಪಟ್ಟು ತಂದದ್ದು ಮೂರು ಮೊಟ್ಟೆ.

ನಮಗೆ ಅಂಥ ಚಳಿ ಇಲ್ಲ, ಆದ್ರೆ ತೇವದ ನಿಯಮ ಒಂದೇ. ತಲೆ ಒಳಗೆ ಹಾಕ್ಕೊಂಡು ಉಸಿರಾಡಬೇಡಿ, ಚೀಲ ಒದ್ದೆ ಆಗುತ್ತೆ. ಮುಖ ಹೊರಗಿರಲಿ, ತಲೆಗೆ ಟೋಪಿ ಹಾಕಿ. ಬೆಳಗ್ಗೆ ಎದ್ದ ಮೇಲೆ ಹಾಸಿಗೆ ಹೊದಿಕೆ ಎರಡನ್ನೂ ಬಿಸಿಲಿಗೆ ಹಾಕಿ.

ಭಾಗ 5/7: ನಮ್ಮ ಕಂಬಳಿ

ಈಗ ನಮ್ಮೂರಿಗೆ ಬರೋಣ. ನಮ್ಮಲ್ಲೂ ಕುಟುಂಬ ಸಮೇತ ಬಯಲಲ್ಲಿ ಬಿಡಾರ ಹೂಡೋರು ತಲೆಮಾರುಗಳಿಂದ ಇದ್ದಾರೆ. ಕುರಿ ಹಿಂಡಿನ ಜೊತೆ ಊರೂರು ತಿರುಗೋ ಕುರುಬರು. ಹೆಂಡತಿ, ಮಕ್ಕಳು, ಪಾತ್ರೆ ಪಡಗ, ಕುದುರೆ ಮೇಲೆ ಗಂಟು. ರೈತರ ಹೊಲದಲ್ಲಿ ಮಂದೆ ತಂಗುತ್ತೆ, ಹೊಲಕ್ಕೆ ಗೊಬ್ಬರ ಸಿಗುತ್ತೆ. ಕುರಿಗಾಹಿಗಳ ರಾತ್ರಿಯ ಆಸರೆ ಕಂಬಳಿ.

ದಖನಿ ಕುರಿಯ ಉಣ್ಣೆ ಒರಟು. ಅದನ್ನ ಕೈಯಲ್ಲಿ ನೂತು, ನೂಲಿಗೆ ಹುಣಸೆ ಬೀಜದ ಗಂಜಿ ಹಾಕಿ, ಕೈಮಗ್ಗದಲ್ಲಿ ನೇಯ್ತಾರೆ. ಚಳ್ಳಕೆರೆ ಸೀಮೆ ಇದಕ್ಕೆ ಹೆಸರುವಾಸಿ. ಚುಚ್ಚುತ್ತೆ ಅಂತ ನಾವು ಮೂಗು ಮುರೀತೀವಲ್ಲ, ಆ ಒರಟುತನವೇ ಇಲ್ಲಿ ಉಪಕಾರಿ. ಒರಟು ಎಳೆ ಬೇಗ ಅಪ್ಪಚ್ಚಿ ಆಗಲ್ಲ. ಉಣ್ಣೆ ತನ್ನ ತೂಕದ ಸುಮಾರು 30% ತೇವ ಹೀರಿದ್ರೂ ಮುಟ್ಟಿದ್ರೆ ಒದ್ದೆ ಅನ್ಸಲ್ಲ. ಕಿಡಿ ಬಿದ್ರೆ ಸಿಂಥೆಟಿಕ್ ಥರ ಕರಗಿ ಮೈಗೆ ಅಂಟಲ್ಲ. ಹಾಸಿದ್ರೆ ಹಾಸಿಗೆ, ಹೊದ್ರೆ ಹೊದಿಕೆ, ಮಳೆ ಬಂದ್ರೆ ತಲೆ ಮೇಲೆ ಕೊಪ್ಪೆ. ಭಾರ ಜಾಸ್ತಿ ನಿಜ, ಬೆನ್ನ ಮೇಲೆ ಹೊತ್ತು ಬೆಟ್ಟ ಹತ್ತೋಕೆ ಆಗಲ್ಲ. ಕಾರಿನ ಡಿಕ್ಕಿಯಲ್ಲಿ ಇಡೋಕೆ ಏನು ಕಷ್ಟ?

ಅಗ್ಗದ ಸಿಂಥೆಟಿಕ್ ಬ್ಲಾಂಕೆಟ್ ಬಂದ ಮೇಲೆ ಕೈಮಗ್ಗದ ಕಂಬಳಿ ಕೇಳೋರು ಕಮ್ಮಿ ಆಗಿದಾರೆ. ಕೊಳ್ಳೋರು ಇಲ್ಲದಿದ್ರೆ ಮಗ್ಗ ನಿಲ್ಲುತ್ತೆ, ಮಗ್ಗದ ಜೊತೆ ಆ ವಿದ್ಯೆಯೂ ಹೋಗುತ್ತೆ.

ಭಾಗ 6/7: ಕೊನೆಗೂ ಕೆಳಗೆ ನೋಡಿದ್ರು

1971. ಅಮೆರಿಕದ ಸಿಯಾಟಲ್‌ನಲ್ಲಿ ಬೋಯಿಂಗ್ ಕಂಪನಿ ಸಾವಿರಾರು ಜನರನ್ನ ಕೆಲಸದಿಂದ ತೆಗೀತು. ಹಾಗೆ ಕೆಲಸ ಕಳ್ಕೊಂಡ ಎಂಜಿನಿಯರ್‌ಗಳು ಜಿಮ್ ಲೀ, ನೀಲ್ ಆ್ಯಂಡರ್ಸನ್. ತೋಟದ ಕೆಲಸಕ್ಕೆ ಮಂಡಿಯೂರೋ ಫೋಮ್ ದಿಂಬಿನಿಂದ ಗಾಳಿ ಹೊರಗೆ ಹೋಗೋದನ್ನ ಲೀ ಗಮನಿಸಿದ. ಆ ಗಾಳಿ ಹೋಗದ ಹಾಗೆ ಮುಚ್ಚಿಬಿಟ್ರೆ? ಗೆಳೆಯ ಜಾನ್ ಬರೋಸ್ ಜೊತೆ ಸೇರಿ ಫೋಮಿನ ಸುತ್ತ ಗಾಳಿ ಬಿಡದ ಹೊದಿಕೆ ಅಂಟಿಸಿ, ಒಂದು ವಾಲ್ವ್ ಇಟ್ರು. ವಾಲ್ವ್ ತೆರೆದ್ರೆ ತಾನೇ ಉಬ್ಬೋ ಚಾಪೆ. ಅದೇ ಥರ್ಮ್-ಎ-ರೆಸ್ಟ್. ಬರೀ ಗಾಳಿ ತುಂಬಿದ ದೊಡ್ಡ ಬೆಡ್‌ನಲ್ಲಿ ಗಾಳಿ ಒಳಗೇ ಸುತ್ತಾಡಿ ಶಾಖವನ್ನ ನೆಲಕ್ಕೆ ಸಾಗಿಸುತ್ತೆ. ಫೋಮ್ ಆ ಸುತ್ತಾಟ ತಡೆಯುತ್ತೆ.

ಚಾಪೆ ಚಳಿ ಎಷ್ಟು ತಡೆಯುತ್ತೆ ಅಂತ ಹೇಳೋ ಅಂಕೆ ಆರ್-ವ್ಯಾಲ್ಯೂ. ಅದನ್ನ ಎಲ್ಲಾ ಕಂಪನಿಗಳೂ ಒಂದೇ ರೀತಿ ಅಳೆಯೋ ಮಾನದಂಡ ಬಂದಿದ್ದು 2018ರಲ್ಲಿ. ಸ್ಲೀಪಿಂಗ್ ಬ್ಯಾಗಿನ ಯುರೋಪಿಯನ್ ಮಾನದಂಡ ಅದಕ್ಕಿಂತ ಹತ್ತು ವರ್ಷಕ್ಕೂ ಮುಂಚೆಯೇ ಇತ್ತು. ನೋಡಿ, ಇಲ್ಲೂ ಹೊದಿಕೆಗೇ ಮೊದಲ ಮಣೆ!

ಭಾಗ 7/7: ಹಾಗಾದ್ರೆ ಏನು ತಗೊಳ್ಳೋದು?

▪️ ದುಡ್ಡು ಮೊದಲು ಕೆಳಗೆ ಹಾಕಿ. ನೆಲಕ್ಕೆ ಪ್ಲಾಸ್ಟಿಕ್ ಶೀಟ್, ಅದರ ಮೇಲೆ ಫೋಮ್ ಚಾಪೆ, ಅದರ ಮೇಲೆ ಮಡಚಿದ ಕಂಬಳಿ. ಚುಚ್ಚದ ಹಾಗೆ ಮೇಲೊಂದು ಹತ್ತಿ ದುಪ್ಪಟಿ.
▪️ ಎರಡು ಚಾಪೆ ಒಂದರ ಮೇಲೊಂದು ಹಾಕಿದ್ರೆ ಎರಡರ ಆರ್-ವ್ಯಾಲ್ಯೂ ಕೂಡುತ್ತೆ. ಹಳೇ ಚಾಪೆ ಬಿಸಾಕಬೇಡಿ.
▪️ ಬ್ಯಾಗ್ ಮೇಲೆ ಎರಡು ಉಷ್ಣಾಂಶ ಬರೆದಿರುತ್ತೆ. "ಕಂಫರ್ಟ್" ಅಂತ ಇರೋದನ್ನ ನೋಡಿ, "ಲಿಮಿಟ್" ಅಲ್ಲ. ಈ ಅಂಕೆಗಳು ವಯಸ್ಕರ ಲೆಕ್ಕ, ಮಕ್ಕಳಿಗೆ ಅನ್ವಯಿಸಲ್ಲ.
▪️ ಅಜ್ಜ ಅಜ್ಜಿ ಬರ್ತಿದ್ರೆ ಅವರಿಗೆ ದಪ್ಪನೆಯ, ಎದ್ದೇಳೋಕೆ ಸುಲಭವಾದ ಹಾಸಿಗೆ ಕೊಡಿ.
▪️ ಮನೆಯಲ್ಲೇ ಒಂದು ರಾತ್ರಿ ಬರೀ ನೆಲದ ಮೇಲೆ ಹಾಸಿ ಮಲಗಿ ನೋಡಿ. ಏನು ಸಾಲದು ಅಂತ ಅಲ್ಲೇ ಗೊತ್ತಾಗುತ್ತೆ.
▪️ ಇದೊಂದು ದಯವಿಟ್ಟು ಮರೀಬೇಡಿ: ಎಷ್ಟೇ ಚಳಿಯಾದ್ರೂ ಟೆಂಟೊಳಗೆ ಕೆಂಡ, ಒಲೆ ಇಡಬೇಡಿ. ಅದರಿಂದ ಬರೋ ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣ ಇಲ್ಲ, ವಾಸನೆ ಇಲ್ಲ. ಮಲಗಿದವರು ಏಳದೇ ಹೋಗಬಹುದು. ಚಳಿಗೆ ಉತ್ತರ ಬೆಂಕಿ ಅಲ್ಲ, ಬೆನ್ನ ಕೆಳಗಿನ ಹಾಸು.

ನಿಮ್ಮನೆ ಅಟ್ಟದ ಮೇಲೆ ಹಳೇ ಕಂಬಳಿ ಇದೆಯಾ? ಯಾರು ನೇಯ್ದಿದ್ದು, ಯಾವ ಸಂತೆಯಲ್ಲಿ ತಂದಿದ್ದು ಅಂತ ಮನೆಯ ಹಿರಿಯರನ್ನ ಕೇಳಿ ಕಾಮೆಂಟಲ್ಲಿ ಬರೀರಿ. ಟ್ರಿಪ್ ಪ್ಲಾನ್ ಮಾಡ್ತಿರೋ ಫ್ರೆಂಡ್‌ನ ಟ್ಯಾಗ್ ಮಾಡಿ 🐑

#ಹಾಸಿಹೊದೆಯುವಷ್ಟು #ಕಂಬಳಿ #ಟೆಂಟ್‌ಕಥೆ #ಇತಿಹಾಸ #ಕನ್ನಡ