ಕ್ಲಿನಿಕಲ್ ಎಐ ಫೆಲೋಶಿಪ್‌ಗೆ ಅರ್ಜಿ ಹಾಕೋ ಮುಂಚೆ: ಐವತ್ತು ವರ್ಷದ ಕಥೆ, ಆರು ಭಾಗದಲ್ಲಿ

ಭಾಗ 1/6
ಕೋಡಿಂಗ್ ಬರಲ್ಲ ಅಂತ ಬಿಟ್ಟುಬಿಡ್ತೀರಾ?

ನಿಮ್ಮ ಮನೇಲಿ, ಪಿಜಿಯಲ್ಲಿ, ಹಳೇ ಪಿಯುಸಿ ಗ್ರೂಪಿನಲ್ಲಿ ಎಂಬಿಬಿಎಸ್, ನರ್ಸಿಂಗ್, ಫಾರ್ಮಸಿ, ಫಿಸಿಯೋ ಓದ್ತಿರೋರು ಯಾರಾದ್ರೂ ಇದ್ದಾರಾ? ಇದ್ರೆ ಈ ಸರಣಿಯನ್ನ ಮೊದಲು ಅವರಿಗೆ ಕಳಿಸಿ. ಆಮೇಲೆ ನೀವೂ ಓದಿ.

ಈಗ ಹೊರದೇಶಗಳಲ್ಲಿ ಕ್ಲಿನಿಕಲ್ ಎಐ ಫೆಲೋಶಿಪ್ ಅನ್ನೋ ಹೊಸ ದಾರಿಯೊಂದು ತೆರೆದಿದೆ. ಆಸ್ಪತ್ರೆಯಲ್ಲಿ ಕೆಲಸ ಮಾಡ್ತಿರೋರನ್ನ ಆರಿಸಿ, ಎಐ ಉಪಕರಣವನ್ನ ನಿಜವಾದ ವಾರ್ಡಿಗೆ ತರೋ ಪ್ರಾಜೆಕ್ಟ್ ಒಂದಕ್ಕೆ ಸೇರಿಸ್ತಾರೆ. ಲಂಡನ್ನಿನ ಗೈಸ್ ಅಂಡ್ ಸೇಂಟ್ ಥಾಮಸ್ ಆಸ್ಪತ್ರೆಗಳ ಟ್ರಸ್ಟ್ 2022ರಲ್ಲಿ ಇಂಥದ್ದೊಂದನ್ನ ಶುರು ಮಾಡಿತು. ಮೊದಲು ಅದು ಅಲ್ಲಿನ ಸರ್ಕಾರಿ ಆರೋಗ್ಯ ಸೇವೆ ಎನ್‌ಎಚ್‌ಎಸ್‌ನ ಸಿಬ್ಬಂದಿಗಾಗಿ ಬಂದದ್ದು. ಡಾಕ್ಟರುಗಳಿಗೆ ಮಾತ್ರ ಅಂತ ಅಲ್ಲ, ರೋಗಿಯ ಹತ್ತಿರ ಕೆಲಸ ಮಾಡೋ ಬೇರೆ ವೃತ್ತಿಯವರಿಗೂ ಜಾಗ ಇತ್ತು.

ನನ್ನ ದೊಡ್ಡಪ್ಪನ ಮಗಳು ಸ್ಟಾಫ್ ನರ್ಸ್. ಇಂಥದ್ದೊಂದು ಫಾರ್ಮ್ ತೋರಿಸಿದ್ರೆ ಅಕ್ಕ ಹೇಳಿದ್ದು ಇಷ್ಟೇ: "ಹೋಗೋ, ನನಗೆ ಕೋಡಿಂಗ್ ಎಲ್ಲಿ ಬರುತ್ತೆ?" ಫಾರ್ಮಿನಲ್ಲಿ ಕೋಡಿಂಗ್ ಬಗ್ಗೆ ಇದ್ದದ್ದು ಒಂದೇ ಸಾಲು. ದೊಡ್ಡ ಜಾಗ ಬಿಟ್ಟಿದ್ದು ಬೇರೆ ಪ್ರಶ್ನೆಗೆ: ನಿಮ್ಮ ಕೆಲಸದ ಜಾಗದಲ್ಲಿ ಯಾವ ತೊಂದರೆ ನೋಡಿದ್ದೀರಿ, ಅದು ಯಾರ ತೊಂದರೆ, ಸರಿಹೋಯ್ತು ಅಂತ ಹೇಗೆ ಅಳೀತೀರಿ?

ಈ ಪ್ರಶ್ನೆ ಸುಮ್ಮನೆ ಬಂದಿಲ್ಲ. ಐವತ್ತು ವರ್ಷ ಪೆಟ್ಟು ತಿಂದು ಕಲಿತ ಪಾಠ ಅದರ ಹಿಂದೆ ಇದೆ. ಬಿಕಾಂ ಹುಡುಗನಿಗೆ ಇದೆಲ್ಲ ಯಾಕಪ್ಪಾ ಅಂತ ಕೇಳೋರು ಐದನೇ ಭಾಗದವರೆಗೆ ಕಾಯಿರಿ.

ಭಾಗ 2/6
ಲೀಡ್ಸಿನ ಹೊಟ್ಟೆನೋವು

1970ರ ದಶಕದ ಶುರು, ಇಂಗ್ಲೆಂಡಿನ ಲೀಡ್ಸ್. ಆಸ್ಪತ್ರೆಗೆ ಜೋರು ಹೊಟ್ಟೆನೋವು ಅಂತ ಒಬ್ಬರು ಬರ್ತಾರೆ. ಅಪೆಂಡಿಕ್ಸಾ? ಅಲ್ಸರ್ ಒಡೆದಿದೆಯಾ? ಪಿತ್ತಕೋಶದ ತೊಂದರೆಯಾ? ಇಲ್ಲಾ ಎರಡು ದಿನದಲ್ಲಿ ತಾನಾಗೇ ಹೋಗೋ ನೋವಾ? ಆಗ ಇವತ್ತಿನ ಥರ ಸ್ಕ್ಯಾನ್ ಇಲ್ಲ. ಹೊಟ್ಟೆ ಕೊಯ್ಯಬೇಕೋ ಬೇಡವೋ ಅಂತ ಡಾಕ್ಟರ್ ಕೈಯಲ್ಲಿ ಮುಟ್ಟಿ, ನಾಲ್ಕು ಮಾತು ಕೇಳಿ ನಿರ್ಧಾರ ಮಾಡಬೇಕಿತ್ತು.

ಅಲ್ಲಿನ ಸರ್ಜನ್ ಟಿಮ್ ಡಿ ಡಾಂಬಲ್ ಮತ್ತು ಅವರ ತಂಡ ಹಳೇ ರೋಗಿಗಳ ಲಕ್ಷಣಗಳನ್ನ ಲೆಕ್ಕ ಹಾಕಿ ಕಂಪ್ಯೂಟರಿಗೆ ಕೊಟ್ಟರು. ಒಳಗಿದ್ದ ಗಣಿತ ಬೇಯ್ಸ್ ಪ್ರಮೇಯ, ಪ್ರಾಬಬಿಲಿಟಿ ಓದಿದ ಎಲ್ಲರಿಗೂ ಪರಿಚಯದ್ದೇ. 1972ರಲ್ಲಿ ಫಲಿತಾಂಶ ಪ್ರಕಟವಾಯ್ತು. 304 ರೋಗಿಗಳಲ್ಲಿ ಕಂಪ್ಯೂಟರ್ ಸರಿಯಾಗಿ ಹೇಳಿದ್ದು ಶೇ. 91.8. ತಂಡದ ಅತಿ ಹಿರಿಯ ಡಾಕ್ಟರ್ ಹೇಳಿದ್ದು ಶೇ. 79.6.

ಇಲ್ಲಿಗೆ ಕಥೆ ಮುಗೀಬೇಕಿತ್ತು, ಅಲ್ವಾ? ಮುಗೀಲಿಲ್ಲ. ಅದೇ ಲೀಡ್ಸ್ ಲೆಕ್ಕವನ್ನ ಡೆನ್ಮಾರ್ಕಿನ ಕೋಪನ್‌ಹೇಗನ್ ರೋಗಿಗಳ ಮೇಲೆ ಹಾಕಿ ನೋಡಿದಾಗ ಅದು ಅಷ್ಟು ಚೆನ್ನಾಗಿ ಕೆಲಸ ಮಾಡಲಿಲ್ಲ. ಊರು ಬದಲಾದ್ರೆ ರೋಗಿಗಳು ಬದಲಾಗ್ತಾರೆ. ಒಬ್ಬ ಡಾಕ್ಟರ್ "ಜೋರು ನೋವು" ಅಂತ ಬರೆದದ್ದು ಇನ್ನೊಬ್ಬರಿಗೆ "ಸಾಧಾರಣ ನೋವು" ಆಗಿರಬಹುದು.

1986ರಲ್ಲಿ ಎಂಟು ಕೇಂದ್ರಗಳ, 16,737 ರೋಗಿಗಳ ದೊಡ್ಡ ಅಧ್ಯಯನ ಬಂತು. ಡಾಕ್ಟರುಗಳ ಮೊದಲ ಅಂದಾಜು ಸರಿಯಾಗೋದು ಶೇ. 45.6ರಿಂದ 65.3ಕ್ಕೆ ಏರಿತ್ತು. ಇದರಲ್ಲಿ ಕಂಪ್ಯೂಟರಿನ ಪಾಲು ಎಷ್ಟೋ, ಒಂದು ಕಾಗದದ ಫಾರ್ಮಿನ ಪಾಲೂ ಇತ್ತು. ಕಂಪ್ಯೂಟರಿಗೆ ಕೊಡೋಕೆ ಅಂತ ಡಾಕ್ಟರುಗಳು ಪ್ರತಿ ರೋಗಿಗೂ ಒಂದೇ ಕ್ರಮದಲ್ಲಿ ಎಲ್ಲಾ ಪ್ರಶ್ನೆ ಕೇಳಿ ತುಂಬಬೇಕಿತ್ತು. ಹಾಗೆ ಕ್ರಮವಾಗಿ ಕೇಳೋದರಿಂದಲೇ ಕಿರಿಯ ಡಾಕ್ಟರುಗಳ ಅಂದಾಜು ಸುಧಾರಿಸಿತು.

ಭಾಗ 3/6
ಪಾಸ್ ಆದರೂ ಕೆಲಸ ಸಿಗದ ಮೈಸಿನ್

ಅದೇ ಹೊತ್ತಿಗೆ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಎಡ್ವರ್ಡ್ ಶಾರ್ಟ್‌ಲಿಫ್ ಅನ್ನೋ ವಿದ್ಯಾರ್ಥಿ ವೈದ್ಯಕೀಯ ಮತ್ತು ಕಂಪ್ಯೂಟರ್ ಎರಡನ್ನೂ ಒಟ್ಟಿಗೆ ಓದ್ತಿದ್ದರು. ರಕ್ತದ ಸೋಂಕಿಗೆ ಯಾವ ಆ್ಯಂಟಿಬಯಾಟಿಕ್ ಕೊಡಬೇಕು ಅಂತ ಸಲಹೆ ಹೇಳೋ ಮೈಸಿನ್ ಅನ್ನೋ ಪ್ರೋಗ್ರಾಮ್ ಬರೆದರು. ಅದರೊಳಗೆ "ಹೀಗಿದ್ರೆ ಹೀಗೆ" ಅನ್ನೋ ನೂರಾರು ನಿಯಮಗಳು. ಅದು ಡಾಕ್ಟರನ್ನ ಪ್ರಶ್ನೆ ಕೇಳುತ್ತೆ, ಡಾಕ್ಟರ್ ಟೈಪ್ ಮಾಡಿ ಉತ್ತರಿಸ್ತಾರೆ. "ಈ ಪ್ರಶ್ನೆ ಯಾಕೆ ಕೇಳ್ದೆ?" ಅಂತ ತಿರುಗಿ ಕೇಳಿದ್ರೆ ಕಾರಣವನ್ನೂ ಹೇಳ್ತಿತ್ತು. ಇವತ್ತಿನ ಎಷ್ಟೋ ಎಐಗಳಿಗೆ ಅದು ಬರಲ್ಲ.

1979ರಲ್ಲಿ ಅದಕ್ಕೊಂದು ಪರೀಕ್ಷೆ ಆಯ್ತು. ಮೆನಿಂಜೈಟಿಸ್‌ನ ಹತ್ತು ಕೇಸುಗಳು. ಮೈಸಿನ್ ಕೊಟ್ಟ ಚಿಕಿತ್ಸೆ, ಪ್ರೊಫೆಸರುಗಳು ಕೊಟ್ಟದ್ದು, ವಿದ್ಯಾರ್ಥಿ ಕೊಟ್ಟದ್ದು ಎಲ್ಲವನ್ನೂ ಹೆಸರು ಮುಚ್ಚಿ ಎಂಟು ಜನ ತಜ್ಞರ ಮುಂದೆ ಇಟ್ಟರು. ಥೇಟ್ ನಮ್ಮ ಯೂನಿವರ್ಸಿಟಿಯ ಕೋಡಿಂಗ್ ನಂಬರ್ ಹಾಕಿದ ಉತ್ತರಪತ್ರಿಕೆ ಥರ. ಮೈಸಿನ್‌ಗೆ ಶೇ. 65. ಮನುಷ್ಯರಲ್ಲಿ ಅತಿ ಹೆಚ್ಚು ಬಂದದ್ದು ಶೇ. 62.5.

ಫಸ್ಟ್ ಬಂದ ಮೈಸಿನ್ ಒಬ್ಬ ರೋಗಿಯ ದಿನನಿತ್ಯದ ಚಿಕಿತ್ಸೆಗೂ ಬಳಕೆ ಆಗಲಿಲ್ಲ.

ಯಾಕೆ? ಒಂದು ಸಲಹೆಗಾಗಿ ಡಾಕ್ಟರ್ ಟರ್ಮಿನಲ್ ಮುಂದೆ ಕೂತು ಉದ್ದಕ್ಕೂ ಟೈಪ್ ಮಾಡ್ತಾ ಹೋಗಬೇಕಿತ್ತು. ಲ್ಯಾಬ್ ರಿಪೋರ್ಟ್ ತಾನಾಗೇ ಒಳಗೆ ಬರೋ ವ್ಯವಸ್ಥೆ ಆಗ ಇರಲಿಲ್ಲ. ಸಲಹೆ ತಪ್ಪಾದ್ರೆ ಹೊಣೆ ಯಾರದು ಅನ್ನೋದಕ್ಕೂ ಉತ್ತರ ಇರಲಿಲ್ಲ. ಇಪ್ಪತ್ತು ಬೆಡ್ಡಿಗೆ ಓಡಾಡೋ ಒಬ್ಬ ಡ್ಯೂಟಿ ಡಾಕ್ಟರನ್ನೋ ಸಿಸ್ಟರನ್ನೋ ಕೇಳಿದ್ರೆ ಮೊದಲನೇ ದಿನವೇ ಹೇಳಿರೋರು: "ಇಷ್ಟು ಹೊತ್ತು ಕೂರೋಕೆ ಟೈಮ್ ಎಲ್ಲಿದೆ?"

ಭಾಗ 4/6
ಬೆಂಗಳೂರಿನ ಕಣ್ಣುಗಳು, ಥಾಯ್ಲೆಂಡಿನ ಕೋಣೆಗಳು

ಈಗ ಒಂದೇ ಜಿಗಿತಕ್ಕೆ 2016. ನಿಯಮ ಬರೆಯೋ ಕಾಲ ಹೋಗಿ, ಚಿತ್ರ ತೋರಿಸಿ ತೋರಿಸಿ ಕಂಪ್ಯೂಟರಿಗೆ ಕಲಿಸೋ ಕಾಲ ಬಂದಿತ್ತು.

ಶುಗರ್ ಇರೋರಿಗೆ ಕಣ್ಣಿನ ಹಿಂದಿನ ರೆಟಿನಾ ನಿಧಾನವಾಗಿ ಹಾಳಾಗಬಹುದು. ಮೊದಲೇ ಗೊತ್ತಾದ್ರೆ ದೃಷ್ಟಿ ಉಳಿಸಬಹುದು. ಅದನ್ನ ಫೋಟೋದಿಂದ ಗುರುತಿಸೋಕೆ ಗೂಗಲ್ ತಂಡ 1,28,175 ರೆಟಿನಾ ಚಿತ್ರಗಳಿಂದ ಒಂದು ಎಐ ತಯಾರಿಸಿತು. ಚಿತ್ರಗಳು ಅಮೆರಿಕದ ಒಂದು ಸ್ಕ್ರೀನಿಂಗ್ ಕಾರ್ಯಕ್ರಮದಿಂದ ಮತ್ತು ಭಾರತದ ಮೂರು ಕಣ್ಣಾಸ್ಪತ್ರೆಗಳಿಂದ ಬಂದವು: ಅರವಿಂದ್, ಶಂಕರ ನೇತ್ರಾಲಯ, ಮತ್ತು ನಮ್ಮ ಬೆಂಗಳೂರಿನ ನಾರಾಯಣ ನೇತ್ರಾಲಯ. ಚಿತ್ರಗಳಿಗೆ ಗ್ರೇಡ್ ಹಾಕಿದ್ದು ಅಮೆರಿಕದ 54 ಕಣ್ಣಿನ ಡಾಕ್ಟರುಗಳು. ಅಂದ್ರೆ ಜಗತ್ತಿನ ಹೆಸರುವಾಸಿ ಎಐ ಒಂದಕ್ಕೆ ಪಾಠ ಕಲಿಸಿದ್ದರಲ್ಲಿ ನಮ್ಮೂರ ರೋಗಿಗಳ ಕಣ್ಣೂ ಇದೆ.

ಪರೀಕ್ಷೆಯಲ್ಲಿ ಅದು ತಜ್ಞರ ಮಟ್ಟಕ್ಕೆ ನಿಂತಿತು. ಆಮೇಲೆ ಥಾಯ್ಲೆಂಡಿನ ಕ್ಲಿನಿಕ್ಕುಗಳಿಗೆ ಹೋಯ್ತು. ಅಲ್ಲಿ ಏನಾಯ್ತು ಅಂತ 2020ರಲ್ಲಿ ಗೂಗಲ್ ತಂಡದವರೇ ಬರೆದರು. ಫೋಟೋ ತೆಗೀತಿದ್ದವರು ನರ್ಸುಗಳು. ಎಲ್ಲಾ ಕಡೆ ಕತ್ತಲೆ ಮಾಡೋಕೆ ಆಗೋ ಕೋಣೆ ಇರಲಿಲ್ಲ. ಮೊದಲ ಆರು ತಿಂಗಳ 1,838 ಚಿತ್ರಗಳಲ್ಲಿ ಶೇ. 21ನ್ನು ಯಂತ್ರ "ಸ್ಪಷ್ಟ ಇಲ್ಲ" ಅಂತ ವಾಪಸ್ ಮಾಡಿತು. ನೆಟ್ ನಿಧಾನ ಇದ್ದ ಕಡೆ ಅಪ್‌ಲೋಡ್ ಆಗೋಕೇ ಹೊತ್ತು ಹಿಡೀತಿತ್ತು, ಹೊರಗೆ ಸಾಲು ಬೆಳೀತಿತ್ತು. ಚಿತ್ರ ತಿರಸ್ಕಾರ ಆದ್ರೆ ರೋಗಿ ಇನ್ನೊಂದು ದಿನ ಕೆಲಸ ಬಿಟ್ಟು ಬೇರೆ ಆಸ್ಪತ್ರೆಗೆ ಹೋಗಬೇಕು. ಒಂದು ದಿನದ ಕೂಲಿ, ಬಸ್ ಚಾರ್ಜು. ಇದರ ಬೆಲೆ ಏನು ಅಂತ ನಮಗೆ ಯಾರೂ ಹೇಳಿಕೊಡಬೇಕಿಲ್ಲ.

ಕೋಣೆಯ ಬೆಳಕು, ನೆಟ್ಟಿನ ವೇಗ, ಸಾಲಿನಲ್ಲಿ ನಿಂತೋರ ಕೂಲಿ. ಇವು ಮೂರೂ ಅಲ್ಲಿನ ನರ್ಸುಗಳಿಗೆ ದಿನಾ ಕಣ್ಣೆದುರಿಗಿದ್ದ ವಿಷಯಗಳು.

ಭಾಗ 5/6
ಟ್ರಯಲ್ ಬ್ಯಾಲೆನ್ಸ್ ಹಿಡಿಯದ ತಪ್ಪು

ಬಿಕಾಂನವರೇ, ಇದು ನಮ್ಮ ಭಾಗ.

ಅಮೆರಿಕದ ಆಸ್ಪತ್ರೆಗಳು ತುಂಬಾ ಕಾಯಿಲೆ ಇರೋ ರೋಗಿಗಳನ್ನ ಆರಿಸಿ ಹೆಚ್ಚಿನ ಆರೈಕೆ ಕೊಡೋಕೆ ಒಂದು ಅಲ್ಗಾರಿದಮ್ ಬಳಸ್ತಿದ್ದವು. ಯಾರಿಗೆ ಆರೈಕೆ ಬೇಕು ಅನ್ನೋದನ್ನ ನೇರವಾಗಿ ಅಳೆಯೋದು ಕಷ್ಟ. ಹಾಗಾಗಿ ಅದು ಮುಂದಿನ ವರ್ಷ ಈ ರೋಗಿಗೆ ಎಷ್ಟು ಖರ್ಚಾಗುತ್ತೆ ಅಂತ ಅಂದಾಜು ಮಾಡ್ತಿತ್ತು. ಖರ್ಚು ಜಾಸ್ತಿ ಅಂದ್ರೆ ಕಾಯಿಲೆ ಜಾಸ್ತಿ ಅನ್ನೋ ಊಹೆ.

2019ರಲ್ಲಿ ಜಿಯಾದ್ ಒಬರ್‌ಮೇಯರ್ ಮತ್ತು ಸಂಗಡಿಗರು "ಸೈನ್ಸ್" ಪತ್ರಿಕೆಯಲ್ಲಿ ಇದನ್ನ ಬಿಚ್ಚಿಟ್ಟರು. ಒಂದೇ ಪ್ರಮಾಣದ ಕಾಯಿಲೆ ಇದ್ದರೂ ಕಪ್ಪು ಜನರ ಮೇಲೆ ಆಗ್ತಿದ್ದ ಖರ್ಚು ಕಮ್ಮಿ, ಯಾಕಂದ್ರೆ ಅವರಿಗೆ ಆರೈಕೆ ಸಿಗೋದೇ ಕಮ್ಮಿ. ಅಲ್ಗಾರಿದಮ್ ಅದನ್ನ "ಇವರು ಆರೋಗ್ಯವಾಗಿದ್ದಾರೆ" ಅಂತ ಓದಿಕೊಂಡಿತು. ಈ ಓರೆಯನ್ನ ಸರಿಪಡಿಸಿದ್ರೆ ಹೆಚ್ಚಿನ ಆರೈಕೆಗೆ ಆಯ್ಕೆ ಆಗೋರಲ್ಲಿ ಕಪ್ಪು ರೋಗಿಗಳ ಪಾಲು ಶೇ. 17.7ರಿಂದ 46.5ಕ್ಕೆ ಏರುತ್ತಿತ್ತು.

ಗಮನಿಸಿ, ಖರ್ಚಿನ ಅಂದಾಜು ಚೆನ್ನಾಗೇ ಇತ್ತು. ಕೂಡೋದು ಕಳೆಯೋದು ಎಲ್ಲಾ ಸರಿ, ಖಾತೆ ಮಾತ್ರ ತಪ್ಪು. ಮೆಷಿನ್ ಕೊಂಡದ್ದನ್ನ ರಿಪೇರಿ ಖರ್ಚಿಗೆ ಬರೆದ್ರೆ ಏನಾಗುತ್ತೆ? ಟ್ರಯಲ್ ಬ್ಯಾಲೆನ್ಸ್ ತಾಳೆ ಆಗುತ್ತೆ, ಲಾಭ ಮಾತ್ರ ಸುಳ್ಳು ಹೇಳುತ್ತೆ. ಎರರ್ ಆಫ್ ಪ್ರಿನ್ಸಿಪಲ್, ಎರಡು ಮಾರ್ಕಿನ ಪ್ರಶ್ನೆ. ಅಲ್ಲಿ ಆ ಎರಡು ಮಾರ್ಕಿನ ಪ್ರಶ್ನೆ ಜನರ ಜೀವಕ್ಕೆ ತಟ್ಟಿತು.

ಆಸ್ಪತ್ರೆಗೆ ಬರೋಕೇ ಆಗದೆ ಇರೋರ ಹೆಸರಲ್ಲಿ ಬಿಲ್ ಇರಲ್ಲ. ಬಿಲ್ ಇಲ್ಲ ಅಂದ್ರೆ ಕಾಯಿಲೆ ಇಲ್ಲ ಅಂತ ಅಲ್ಲ. ಇದನ್ನ ಹಿಡಿಯೋಕೆ ವಾರ್ಡ್ ನೋಡಿದವರೂ ಬೇಕು, ಲೆಕ್ಕ ಓದೋಕೆ ಬರೋರೂ ಬೇಕು.

ಭಾಗ 6/6
ಹಾಗಾದ್ರೆ ಅರ್ಜಿಯಲ್ಲಿ ಏನು ಬರೀಬೇಕು?

ವೈದ್ಯರಿಗೆ ಹೊರದೇಶದ ಫೆಲೋಶಿಪ್ ಅನ್ನೋದೇ ಹೊಸತಲ್ಲ. ಅಮೆರಿಕದ ರಾಕ್‌ಫೆಲ್ಲರ್ ಫೌಂಡೇಶನ್ ಸುಮಾರು ನೂರು ವರ್ಷದ ಹಿಂದೆಯೇ ಭಾರತವೂ ಸೇರಿ ಬೇರೆ ಬೇರೆ ದೇಶಗಳ ಡಾಕ್ಟರುಗಳಿಗೆ ಸಾರ್ವಜನಿಕ ಆರೋಗ್ಯ ಓದೋಕೆ ಫೆಲೋಶಿಪ್ ಕೊಡ್ತಿತ್ತು. ಓದು ಮುಗಿಸಿದೋರು ತಮ್ಮ ದೇಶಕ್ಕೆ ವಾಪಸ್ ಹೋಗಿ ಕೆಲಸ ಮಾಡಬೇಕು ಅನ್ನೋದು ಅದರ ನಿರೀಕ್ಷೆ. ಅದೇ ಫೌಂಡೇಶನ್ ಆಗಿನ ಮೈಸೂರು ಸಂಸ್ಥಾನದ ಜೊತೆ ಸೇರಿ ಮಂಡ್ಯದ ಕಡೆ ಮಲೇರಿಯಾ ಮೇಲೆ ಕೆಲಸ ಮಾಡಿತು. ಕ್ಲೋಸ್‌ಪೇಟೆಯಲ್ಲಿ, ಅಂದ್ರೆ ಇವತ್ತಿನ ರಾಮನಗರದಲ್ಲಿ, ಗ್ರಾಮೀಣ ಆರೋಗ್ಯ ಘಟಕ ಬಂದದ್ದೂ ಆ ಕಾಲದಲ್ಲೇ. ಕಲಿತದ್ದು ಎಲ್ಲೇ ಆದ್ರೂ ಸೊಳ್ಳೆ ಹಿಡಿಯೋಕೆ ಮಂಡ್ಯದ ನಾಲೆ ಹತ್ತಿರವೇ ನಿಲ್ಲಬೇಕಿತ್ತು.

ಇವತ್ತಿನ ಅರ್ಜಿಗೂ ಇದೇ ಲೆಕ್ಕ. ಸೇವ್ ಮಾಡಿಟ್ಟುಕೊಳ್ಳಿ:

1. ಮೊದಲು ಅರ್ಹತೆ ಓದಿ. ಕೆಲವು ಫೆಲೋಶಿಪ್ ಆ ದೇಶದಲ್ಲಿ ಈಗಾಗಲೇ ಕೆಲಸ ಮಾಡೋರಿಗೆ ಮಾತ್ರ. ಕೆಲವಕ್ಕೆ ಆ ದೇಶದ ವೃತ್ತಿ ನೋಂದಣಿ ಬೇಕು. ಸಂಬಳ ಬರುತ್ತಾ, ವೀಸಾ ಯಾರ ಹೊಣೆ, ಕೇಳಿ ತಿಳ್ಕೊಳ್ಳಿ.

2. "ಎಐ ಜಗತ್ತನ್ನೇ ಬದಲಾಯಿಸ್ತಿದೆ" ಅಂತ ಶುರು ಮಾಡಬೇಡಿ. ನೀವು ಕಂಡ ಒಂದೇ ಒಂದು ತೊಂದರೆ ಬರೀರಿ. ಡಿಸ್ಚಾರ್ಜ್ ಕಾಗದಕ್ಕೆ ಅರ್ಧ ದಿನ ಕಾಯೋರು, ಎಕ್ಸ್‌ರೇ ರಿಪೋರ್ಟ್ ರಾತ್ರಿ ಬರದೇ ಇರೋದು, ಯಾವುದೇ ಆಗಲಿ.

3. ಅದನ್ನ ಈಗ ಹೇಗೆ ನಿಭಾಯಿಸ್ತಿದ್ದಾರೆ ಅಂತ ಬರೀರಿ. ಒಂದು ಕಾಗದದ ಫಾರ್ಮ್ ಸಾಕಾಗುತ್ತೆ ಅನಿಸಿದ್ರೆ ಅದನ್ನೂ ಹೇಳಿ. ಲೀಡ್ಸ್ ನೆನಪಿರಲಿ.

4. ಏನನ್ನ ಅಳೀತೀರಿ, ಅದು ನಿಜವಾಗಿ ಯಾವುದರ ಅಳತೆ ಅಂತ ಬರೀರಿ. ಖರ್ಚು ಬೇರೆ, ಕಾಯಿಲೆ ಬೇರೆ.

5. ಯಾರು ಬಿಟ್ಟುಹೋಗಬಹುದು ಅಂತ ಬರೀರಿ. ಫೋಟೋ ಸರಿ ಬರದ ಕಣ್ಣು, ಬಿಲ್ ಇಲ್ಲದ ರೋಗಿ, ನಿಮ್ಮ ಯಂತ್ರಕ್ಕೆ ಅರ್ಥವಾಗದ ಭಾಷೆ ಆಡೋ ಅಜ್ಜಿ.

6. ವಾಪಸ್ ಬಂದು ಅಥವಾ ಅಲ್ಲೇ ಇದ್ದು, ಕಲಿತದ್ದನ್ನ ಯಾವ ವಾರ್ಡಿಗೆ ಕೊಂಡೊಯ್ತೀರಿ ಅಂತ ಹೇಳಿ.

ಪೈಥಾನ್ ಕಲಿಯೋದು ಒಳ್ಳೇದೇ, ಬೇಡ ಅನ್ನಲ್ಲ. ಅದಕ್ಕೆ ಕೋರ್ಸುಗಳು ಬೇಕಾದಷ್ಟಿವೆ. ನೈಟ್ ಡ್ಯೂಟಿಯಲ್ಲಿ ಕಲಿತದ್ದಕ್ಕೆ ಕೋರ್ಸ್ ಇಲ್ಲ. ಅರ್ಜಿಯಲ್ಲಿ ಅದನ್ನ ಬಿಡಬೇಡಿ.

ನಿಮಗೆ ಗೊತ್ತಿರೋ ಒಬ್ಬ ನರ್ಸ್, ಒಬ್ಬ ಲ್ಯಾಬ್ ಟೆಕ್ನಿಷಿಯನ್, ಒಬ್ಬ ಹೌಸ್ ಸರ್ಜನ್‌ಗೆ ಇದನ್ನ ಕಳಿಸಿ. ಅವರ ವಾರ್ಡಿನಲ್ಲಿ ದಿನಾ ಕಾಡೋ ಒಂದು ತೊಂದರೆ ಯಾವುದು ಅಂತ ಕೇಳಿ, ಕೆಳಗೆ ಕಾಮೆಂಟಿನಲ್ಲಿ ಬರೀರಿ. ಅರ್ಜಿಯ ಮೊದಲ ಸಾಲು ಅಲ್ಲೇ ಸಿಗಬಹುದು.

#ಕನ್ನಡದಲ್ಲಿಹಿಸ್ಟರಿ #ಕ್ಲಿನಿಕಲ್ಎಐ #ಫೆಲೋಶಿಪ್ #ನರ್ಸಿಂಗ್ #ಬಿಕಾಂ